ಊರಿನ ಹೆಸರು ಸರ್ಕಾರಿ ದಾಖಲೆಯಲ್ಲಿ ಬದಲಾಗುವುದು ಹೇಗೆ: ಗ್ರಾಮಸಭೆಯಿಂದ ರಾಜ್ಯಪತ್ರದವರೆಗೆ

ಬೆಂಗಳೂರನ್ನು ಇಂಗ್ಲಿಷಿನಲ್ಲೂ ಕನ್ನಡಿಗರು ಉಚ್ಚರಿಸುವಂತೆಯೇ ಬರೆಯಬೇಕು ಎಂಬ ಘೋಷಣೆ ಹೊರಬಿದ್ದದ್ದು 2005ರ ಡಿಸೆಂಬರಿನಲ್ಲಿ. ಮಹಾನಗರ ಪಾಲಿಕೆ ನಿರ್ಣಯ ಅಂಗೀಕರಿಸಿದ್ದು 2006ರ ಸೆಪ್ಟೆಂಬರಿನಲ್ಲಿ. ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬಂದದ್ದು 2014ರ ಅಕ್ಟೋಬರಿನಲ್ಲಿ. ಆ ವರ್ಷದ ನವೆಂಬರ್ 1ರಿಂದ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ವಿಜಯಪುರ, ಬಳ್ಳಾರಿ, ಶಿವಮೊಗ್ಗ, ತುಮಕೂರು, ಚಿಕ್ಕಮಗಳೂರು, ಹೊಸಪೇಟೆ, ಹೀಗೆ 12 ನಗರಗಳ ಹೆಸರು ಒಟ್ಟಿಗೇ ಜಾರಿಗೆ ಬಂದವು. ರಾಜಧಾನಿಯ ಹೆಸರಿಗೇ ಒಂಬತ್ತು ವರ್ಷದ ಹತ್ತಿರ ಹತ್ತಿರ ಹಿಡಿಯಿತು ಎಂದರೆ, ಒಂದು ಹಳ್ಳಿಯ ಹೆಸರಿನ ಕಡತ ಎಷ್ಟು ಕಡೆ ನಿಲ್ಲಬಹುದು, ಯಾಕೆ ನಿಲ್ಲುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡು ಹೊರಡುವುದು ಒಳ್ಳೆಯದು.

ಅಮೆರಿಕದಲ್ಲಿ ಸ್ಥಳನಾಮಗಳಿಗೆಂದೇ 1890ರಿಂದ ಒಂದು ರಾಷ್ಟ್ರೀಯ ಮಂಡಳಿ ಇದೆ. ನಮ್ಮಲ್ಲಿ ಹಾಗೆ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟು ತೀರ್ಮಾನಿಸುವ ಮಂಡಳಿ ಇಲ್ಲ. ಪಂಚಾಯಿತಿ, ತಹಶೀಲ್ದಾರ್, ಜಿಲ್ಲಾಧಿಕಾರಿ, ಕಂದಾಯ ಇಲಾಖೆ, ರೈಲ್ವೆ, ಅಂಚೆ, ಸರ್ವೆ ಆಫ್ ಇಂಡಿಯಾ, ಗೃಹ ಸಚಿವಾಲಯ: ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಕೇಳುತ್ತಾರೆ. ದೇಶದ ಊರುಗಳ ಹೆಸರು ಪರಿಶೀಲಿಸಲು ‘ಮರುನಾಮಕರಣ ಆಯೋಗ’ ಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2023ರ ಫೆಬ್ರುವರಿಯಲ್ಲಿ ವಜಾ ಮಾಡಿತು. ಹಾಗಾಗಿ ಈ ಸರಪಳಿಯೇ ಸದ್ಯದ ದಾರಿ. ಇಲ್ಲಿ ಹೆಸರು ಎಷ್ಟು ಚೆನ್ನಾಗಿದೆ ಎಂದು ಯಾರೂ ಕೇಳುವುದಿಲ್ಲ. ಪುರಾವೆ ಏನಿದೆ, ಗೊಂದಲ ಆಗುತ್ತದೆಯೇ ಎಂಬ ಎರಡು ವಿಷಯದ ಮೇಲೆಯೇ ಕಡತ ಏಳುತ್ತದೆ ಇಲ್ಲವೇ ಬೀಳುತ್ತದೆ.

ಮೊದಲು ನೋಡಬೇಕಾದದ್ದು: ಅದು ಯಾವುದರ ಹೆಸರು?

ಒಂದೇ ಹೆಸರು ಐದಾರು ಬೇರೆ ಬೇರೆ ವಸ್ತುಗಳಿಗೆ ಇರುತ್ತದೆ, ಒಂದೊಂದಕ್ಕೂ ಬೇರೆ ಅಧಿಕಾರ. ಅರ್ಜಿ ತಪ್ಪು ಬಾಗಿಲಿಗೆ ಹೋಗುವುದು ಇಲ್ಲಿಯೇ.

ರಾಜ್ಯದ ಹೆಸರು ಬದಲಾಗಬೇಕಾದರೆ ಸಂವಿಧಾನದ 3ನೇ ವಿಧಿಯಂತೆ ಸಂಸತ್ತು ಕಾಯ್ದೆ ಮಾಡಬೇಕು. ರಾಷ್ಟ್ರಪತಿಗಳ ಶಿಫಾರಸಿನ ಮೇಲೆ ಮಸೂದೆ ಮಂಡನೆಯಾಗುತ್ತದೆ, ಅದಕ್ಕೂ ಮುಂಚೆ ಆ ರಾಜ್ಯದ ಶಾಸಕಾಂಗದ ಅಭಿಪ್ರಾಯ ಕೇಳುತ್ತಾರೆ, ಸರಳ ಬಹುಮತ ಸಾಕು. ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕವಾದದ್ದು ಇದೇ ದಾರಿಯಲ್ಲಿ. ಇದಕ್ಕೆ ಸಂವಿಧಾನ ತಿದ್ದುಪಡಿಯ ವಿಶೇಷ ಬಹುಮತ ಬೇಕು ಎಂದು ಹಲವರು ಬರೆಯುತ್ತಾರೆ. ಬೇಕಿಲ್ಲ, 4ನೇ ವಿಧಿ ಅದನ್ನು ಸ್ಪಷ್ಟವಾಗಿಯೇ ಹೇಳುತ್ತದೆ.

ಜಿಲ್ಲೆ, ತಾಲ್ಲೂಕು, ಗ್ರಾಮಗಳು ಕಂದಾಯದ ಘಟಕಗಳು. ಅವುಗಳನ್ನು ರಚಿಸುವ, ಹೆಸರಿಡುವ ಅಧಿಕಾರವನ್ನು ಕರ್ನಾಟಕ ಭೂಕಂದಾಯ ಕಾಯ್ದೆ 1964ರ 4ನೇ ಪ್ರಕರಣ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಊರು, ಪಟ್ಟಣಗಳ ಹೆಸರು ಬದಲಿಸುವ ಮುನ್ನ ಕೇಂದ್ರ ಗೃಹ ಸಚಿವಾಲಯದ ನಿರಾಕ್ಷೇಪಣೆ ಪಡೆಯುವುದು 1953ರಿಂದ ನಡೆದುಬಂದ ಪದ್ಧತಿ. ಇದು ಕಾಯ್ದೆಯಲ್ಲ, ಆಡಳಿತಾತ್ಮಕ ಸೂಚನೆ. ಈ ಎರಡರ ನಡುವಿನ ಜಗ್ಗಾಟ ರಾಮನಗರದ ವಿಷಯದಲ್ಲಿ ಚೆನ್ನಾಗಿ ಕಂಡಿತು. ಕೇಂದ್ರದ ಒಪ್ಪಿಗೆ ಸಿಗದಿದ್ದಾಗ ರಾಜ್ಯ ಸರ್ಕಾರ ಇದು ತನ್ನದೇ ಅಧಿಕಾರ ಎಂದು ಹೇಳಿ 2025ರ ಮೇ ತಿಂಗಳಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಬದಲಾದದ್ದು ಜಿಲ್ಲೆಯ ಹೆಸರು ಮಾತ್ರ. ಪಟ್ಟಣ ರಾಮನಗರವಾಗಿಯೇ ಉಳಿಯಿತು.

ರೈಲು ನಿಲ್ದಾಣದ ಹೆಸರು ಊರಿನ ಹೆಸರಿನ ನೆರಳಲ್ಲ. ಅದಕ್ಕೆ ರಾಜ್ಯ ಸರ್ಕಾರ ಪ್ರತ್ಯೇಕ ಪ್ರಸ್ತಾವ ಕಳಿಸಬೇಕು, ಗೃಹ ಸಚಿವಾಲಯ ಒಪ್ಪಬೇಕು, ಆಮೇಲೆ ರೈಲ್ವೆ ಜಾರಿ ಮಾಡುತ್ತದೆ. ರಸ್ತೆ, ವೃತ್ತ, ಉದ್ಯಾನಗಳ ಹೆಸರು ಸ್ಥಳೀಯ ಸಂಸ್ಥೆಯ ಕೆಲಸ, ಅದಕ್ಕೆ ದೆಹಲಿ ಬೇಕಿಲ್ಲ. ವಿಶ್ವವಿದ್ಯಾಲಯ, ಹೈಕೋರ್ಟುಗಳ ಹೆಸರು ಅವುಗಳನ್ನು ಸ್ಥಾಪಿಸಿದ ಕಾನೂನಿನಲ್ಲಿ ಕೂತಿರುತ್ತದೆ. ಊರುಗಳು ಮುಂಬೈ, ಚೆನ್ನೈ, ಕೋಲ್ಕತ್ತಾ ಆದರೂ ಹೈಕೋರ್ಟುಗಳು ಇಂದಿಗೂ ಬಾಂಬೆ, ಮದ್ರಾಸ್, ಕಲ್ಕತ್ತಾ ಎಂದೇ ಇರುವುದು ಇದರಿಂದ.

1953ರ ಐದು ಕಟ್ಟಳೆ

ಗೃಹ ಸಚಿವಾಲಯ 1953ರ ಸೆಪ್ಟೆಂಬರಿನಲ್ಲಿ ರಾಜ್ಯಗಳಿಗೆ ಬರೆದ ಪತ್ರವೇ ಇವತ್ತಿಗೂ ಅಳತೆಗೋಲು. ಜನರಿಗೆ ಬಳಕೆಯಾಗಿಹೋದ ಹೆಸರನ್ನು ತೀರ ವಿಶೇಷ ಕಾರಣವಿಲ್ಲದೆ ಬದಲಿಸಬಾರದು. ಇತಿಹಾಸದ ನಂಟಿರುವ ಹೆಸರುಗಳನ್ನು ಆದಷ್ಟೂ ಮುಟ್ಟಬಾರದು. ಬರೀ ಸ್ಥಳೀಯ ಅಭಿಮಾನ, ಭಾಷೆಯ ಕಾರಣ ಅಥವಾ ನಾಯಕರ ಮೇಲಿನ ಗೌರವ ಸಾಲದು. ಹೊಸ ಹೆಸರಿನ ಇನ್ನೊಂದು ಊರು ರಾಜ್ಯದಲ್ಲಾಗಲಿ ನೆರೆಯಲ್ಲಾಗಲಿ ಇರಬಾರದು. ಹಳೆಯದನ್ನು ಬಿಡುವುದು ಯಾಕೆ, ಹೊಸದನ್ನೇ ಆರಿಸಿದ್ದು ಯಾಕೆ ಎಂದು ರಾಜ್ಯ ಸರ್ಕಾರ ವಿವರವಾಗಿ ಬರೆಯಬೇಕು.

ಇವು ಒಳ್ಳೆಯ ನಿಯಮಗಳು. ಹುತಾತ್ಮರ ಹೆಸರು, ಮಠದ ಹೆಸರು, ಶಾಸಕರ ತಂದೆಯ ಹೆಸರು ಎಂದು ಊರೂರಿನಲ್ಲಿ ಏಳುವ ಬೇಡಿಕೆಗಳಿಗೆ ಮೂರನೇ ಕಟ್ಟಳೆ ತಡೆ ಹಾಕುತ್ತದೆ. ಅಂಥ ಗೌರವ ಸಲ್ಲಿಸಬೇಕೆಂದರೆ ವೃತ್ತಕ್ಕೋ ಶಾಲೆಗೋ ಭವನಕ್ಕೋ ಹೆಸರಿಡಿ. ಕೆಲಸ ಊರಿನಲ್ಲೇ ಮುಗಿಯುತ್ತದೆ.

‘ವಿಶೇಷ ಕಾರಣ’ ಎಂದರೆ ಏನು ಎಂಬುದಕ್ಕೆ ಸ್ಪಷ್ಟ ಉದಾಹರಣೆ ಹರಿಯಾಣದ್ದು. ಅಲ್ಲೊಂದು ಹಳ್ಳಿಗೆ ‘ಗಂದಾ’, ಅಂದರೆ ಕೊಳಕು, ಎಂದು ಹೆಸರಿತ್ತು. ಅದು ಅಜೀತ್ ನಗರವಾಯಿತು. ಜಾತಿಯ ಹೆಸರು ಹೊತ್ತ ಕೇರಿ, ವಸತಿಗಳ ಹೆಸರು ಬದಲಿಸಲು ಮಹಾರಾಷ್ಟ್ರ ಸಚಿವ ಸಂಪುಟ 2020ರ ಡಿಸೆಂಬರಿನಲ್ಲಿ ತೀರ್ಮಾನಿಸಿತು. ಊರಿನ ಹೆಸರು ಹೇಳಿಕೊಳ್ಳಲು ಮಕ್ಕಳು ಶಾಲೆಯಲ್ಲಿ ತಲೆ ತಗ್ಗಿಸುವಂತಿದ್ದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಬೇಕಿಲ್ಲ. ಅದನ್ನು ಮುಚ್ಚಿಡದೆ ನಡಾವಳಿಯಲ್ಲಿ ನೇರವಾಗಿ ಬರೆಸಬೇಕು.

ಹಂತ 1: ತಿದ್ದುಪಡಿಯೋ, ಬದಲಾವಣೆಯೋ?

ಜನರ ಬಾಯಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು. ಇದು ನಮ್ಮ ಹಳ್ಳಿಗಳ ಅತಿ ಸಾಮಾನ್ಯ ತೊಂದರೆ. ಕೈಬರಹದ ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವಾಗ ಒತ್ತಕ್ಷರ ಬಿದ್ದುಹೋಗಿರುತ್ತದೆ, ‘ಳ’ಕಾರ ‘ಲ’ಕಾರವಾಗಿರುತ್ತದೆ, ದೀರ್ಘ ಹ್ರಸ್ವವಾಗಿರುತ್ತದೆ. ಮೂಲ ದಾಖಲೆಯಲ್ಲಿ ಸರಿಯಾಗಿದ್ದು ಗಣಕೀಕರಣದಲ್ಲಿ ತಪ್ಪಾಗಿದ್ದರೆ ಅದು ಲೇಖನ ದೋಷ. ತಹಶೀಲ್ದಾರ್ ಕಚೇರಿಯಿಂದಲೇ ಸರಿಪಡಿಸಲು ಕೇಳಬಹುದು, ಮರುನಾಮಕರಣದ ಉದ್ದ ದಾರಿ ಹಿಡಿಯಬೇಕಿಲ್ಲ. ಮೂಲದಲ್ಲೇ ಬೇರೆ ಹೆಸರಿದ್ದರೆ ಮಾತ್ರ ಅದು ಬದಲಾವಣೆ.

ಹಾಗಾಗಿ ಅರ್ಜಿ ಬರೆಯುವ ಮುನ್ನ ತಾಲ್ಲೂಕು ಭೂದಾಖಲೆಗಳ ಕಚೇರಿಯಿಂದ ಗ್ರಾಮ ನಕಾಶೆ, ಸರ್ವೆ ನಂಬರುವಾರು ವಿಸ್ತೀರ್ಣ ಮತ್ತು ಕಂದಾಯ ತೋರಿಸುವ ಆಕಾರ್‌ಬಂದ್, ಹಳೆಯ ಸರ್ವೆ ಟಿಪ್ಪಣಿಯ ದೃಢೀಕೃತ ನಕಲು ತೆಗೆಸಿ. ಇವು ಮೂರರಲ್ಲೂ ಹೆಸರು ಹೇಗಿದೆ ಎಂದು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ.

ಇನ್ನೊಂದು ವಿಚಾರ. ನೀವು ಊರು ಎನ್ನುವುದು ಕಂದಾಯ ಗ್ರಾಮವೇ, ಅಥವಾ ಇನ್ನೊಂದು ಗ್ರಾಮಕ್ಕೆ ಸೇರಿದ ಚಿಕ್ಕ ವಸತಿಯೇ, ಅಂದರೆ ಮಜರೆಯೇ? ತಾಂಡಾ, ಗೊಲ್ಲರಹಟ್ಟಿ, ಹಾಡಿ, ಕಾಲೊನಿಗಳು ಬಹಳ ಕಾಲ ಬೇರೊಂದು ಗ್ರಾಮದ ಬಾಲಂಗೋಚಿಯಾಗಿ ದಾಖಲೆಯಲ್ಲಿ ಹೆಸರೇ ಇಲ್ಲದೆ ಇದ್ದವು. ಈಚಿನ ವರ್ಷಗಳಲ್ಲಿ ಇಂಥ ಸಾವಿರಾರು ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸ ರಾಜ್ಯದಲ್ಲಿ ನಡೆದಿದೆ. ಹೆಸರು ಸರಿಯಾಗಿ ಕೂರಿಸಲು ಇದಕ್ಕಿಂತ ಸುಲಭದ ಸಮಯ ಇನ್ನೊಂದಿಲ್ಲ. ಪ್ರಾಥಮಿಕ ಅಧಿಸೂಚನೆ ಬಂದೊಡನೆ ಅದರ ಅನುಬಂಧದಲ್ಲಿ ನಿಮ್ಮ ವಸತಿಯ ಹೆಸರು ಹೇಗೆ ಅಚ್ಚಾಗಿದೆ ನೋಡಿ, ತಪ್ಪಿದ್ದರೆ ಅದರಲ್ಲಿ ಹೇಳಿದ ಅವಧಿಯೊಳಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂತಿಮ ಅಧಿಸೂಚನೆ ಆದ ಮೇಲೆ ಅದೇ ಒಂದಕ್ಷರಕ್ಕೆ ವರ್ಷಗಟ್ಟಲೆ ಓಡಾಡಬೇಕಾಗುತ್ತದೆ.

ಹಂತ 2: ಪುರಾವೆಯ ಕಟ್ಟು

ಹಳೆಯದರಿಂದ ಹೊಸದಕ್ಕೆ ಜೋಡಿಸಿ. ಶಾಸನ ಸಿಕ್ಕರೆ ಅದೇ ಮೊದಲು. ಬೇಗೂರಿನ ನಾಗೇಶ್ವರ ದೇವಾಲಯದ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗಳೂರ ಕಾಳಗ’ದ ಉಲ್ಲೇಖವಿದೆ. ಬೆಂದಕಾಳೂರಿನ ಕತೆಗಿಂತ ಆ ಒಂದು ಸಾಲು ಕಡತದಲ್ಲಿ ನೂರು ಪಟ್ಟು ಗಟ್ಟಿ. ನಿಮ್ಮ ಹೋಬಳಿಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ತಾಲ್ಲೂಕುವಾರು ಹುಡುಕಬಹುದು. ಆಮೇಲೆ ಜಿಲ್ಲಾ ಗ್ಯಾಸೆಟಿಯರ್, ಹಿಂದಿನ ಜನಗಣತಿ ಕೈಪಿಡಿಗಳು, ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋ ನಕ್ಷೆ, ಶಾಲೆಯ ದಾಖಲಾತಿ ಪುಸ್ತಕ, ದೇವಸ್ಥಾನದ ಇನಾಂ ದಾಖಲೆ. ಐದು ಬೇರೆ ಬೇರೆ ಮೂಲ ಒಂದೇ ಹೆಸರು ಹೇಳಿದರೆ ಸಾಕು. ಐವತ್ತು ಮನವಿಪತ್ರಗಳು ಅದರ ಜಾಗ ತುಂಬಲಾರವು. ಸ್ಥಳಪುರಾಣವನ್ನು ಸೇರಿಸಬಹುದು, ಆದರೆ ಅದು ಪುರಾಣ ಎಂದೇ ಹೇಳಿ ಸೇರಿಸಿ.

ಹಂತ 3: ಅದೇ ಹೆಸರಿನ ಇನ್ನೊಂದು ಊರು

ಬಹುಪಾಲು ಪ್ರಸ್ತಾವಗಳು ಮುಗ್ಗರಿಸುವುದು ಇಲ್ಲಿ. ಕರ್ನಾಟಕದಲ್ಲಿ ಹೊಸಹಳ್ಳಿ, ಹೊಸೂರು, ಗೊಲ್ಲಹಳ್ಳಿ, ಕೊಪ್ಪಲುಗಳಿಗೆ ಲೆಕ್ಕವಿಲ್ಲ. ಹಿಂದಿನವರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಉತ್ತರ ಕರ್ನಾಟಕದಲ್ಲಿ ಹೆಸರಿನ ಕೊನೆಗೆ ಬುದ್ರುಕ್, ಖುರ್ದ್ ಎಂದು ಸೇರಿಸಿ ದೊಡ್ಡದು, ಚಿಕ್ಕದು ಎಂದು ಬೇರ್ಪಡಿಸಿದರು. ದಾಖಲೆಗಳಲ್ಲಿ ಅದು ‘ಬಿ.ಕೆ.’, ‘ಕೆ.ಎಚ್.’ ಆಗಿ ಕೂತಿದೆ. ಹಳೇ ಮೈಸೂರಿನ ಕಡೆ ದೊಡ್ಡ, ಚಿಕ್ಕ ಎಂದು ಮೊದಲಿಗೇ ಬರುತ್ತದೆ, ಇಲ್ಲವೇ ಒಂದಕ್ಷರದ ಇನಿಷಿಯಲ್ ಅಂಟುತ್ತದೆ.

ದೊಡ್ಡ ಊರಿಗೂ ಈ ತೊಡಕು ತಪ್ಪಿದ್ದಲ್ಲ. ಬಿಜಾಪುರ ವಿಜಯಪುರವಾದಾಗ ದೇವನಹಳ್ಳಿ ತಾಲ್ಲೂಕಿನಲ್ಲಿ ವಿಜಯಪುರ ಎಂಬ ಪಟ್ಟಣ ಮೊದಲೇ ಇತ್ತು, ಈಗಲೂ ಇದೆ. ಪಿನ್‌ಕೋಡ್ ಒಂದರದು 586ರಿಂದ, ಇನ್ನೊಂದರದು 562ರಿಂದ ಶುರುವಾಗುವುದರಿಂದ ಕಾಗದ ತಲುಪುತ್ತದೆ. ಜಿಲ್ಲಾ ಕೇಂದ್ರಕ್ಕೆ ಸಿಕ್ಕ ಈ ವಿನಾಯಿತಿ ಹಳ್ಳಿಗೆ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ.

ಹುಡುಕುವುದು ಹೀಗೆ: ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸಂಸ್ಥೆಗಳ ಡೈರೆಕ್ಟರಿಯಲ್ಲಿ ರಾಜ್ಯದ ಪ್ರತಿ ಗ್ರಾಮಕ್ಕೂ ಸಂಕೇತ ಸಂಖ್ಯೆ ಸಹಿತ ಹೆಸರಿದೆ. ನಿಮ್ಮ ಪ್ರಸ್ತಾವಿತ ಹೆಸರನ್ನು ಅಲ್ಲಿ ಮೂರ್ನಾಲ್ಕು ಕಾಗುಣಿತದಲ್ಲಿ ಹುಡುಕಿ. ಆಮೇಲೆ ಅಂಚೆ ಕಚೇರಿಗಳ ಪಟ್ಟಿ, ರೈಲು ನಿಲ್ದಾಣಗಳ ಪಟ್ಟಿ ನೋಡಿ. ಗಡಿ ತಾಲ್ಲೂಕಾದರೆ ಪಕ್ಕದ ರಾಜ್ಯದ ಜಿಲ್ಲೆಯನ್ನೂ ಬಿಡಬೇಡಿ. ರೈಲ್ವೆ, ಅಂಚೆ, ಸರ್ವೆ ಆಫ್ ಇಂಡಿಯಾ ಮುಂದೆ ಮಾಡುವುದೂ ಇದನ್ನೇ: ನಮ್ಮ ದಾಖಲೆಯಲ್ಲಿ ಇದೇ ಹೆಸರಿನ ಇನ್ನೊಂದು ಊರಿಲ್ಲ ಎಂದು ಅವು ಬರೆದುಕೊಟ್ಟರೇನೇ ಗೃಹ ಸಚಿವಾಲಯ ಒಪ್ಪುವುದು.

ಹಂತ 4: ಗ್ರಾಮಸಭೆ, ಪಂಚಾಯಿತಿಯ ನಿರ್ಣಯ

ನೋಟಿಸಿನ ವಿಷಯಸೂಚಿಯಲ್ಲಿ ಹೆಸರಿನ ವಿಚಾರ ಪ್ರತ್ಯೇಕ ಕಲಮಾಗಿ ಇರಬೇಕು. ‘ಇತರೆ ವಿಷಯಗಳು’ ಎಂಬುದರಡಿ ತಂದು ಪಾಸು ಮಾಡಿದ ನಿರ್ಣಯವನ್ನು ವಿರೋಧಿಗಳು ಮೊದಲ ಏಟಿಗೇ ಕೆಡವುತ್ತಾರೆ. ಕೋರಂ ತುಂಬಿದ್ದು, ಹಾಜರಿದ್ದವರ ಸಹಿ, ಬಂದ ಆಕ್ಷೇಪಣೆ, ಅದಕ್ಕೆ ಕೊಟ್ಟ ಉತ್ತರ ಇವೆಲ್ಲ ನಡಾವಳಿಯಲ್ಲಿ ಕಾಣಬೇಕು. ಒಂದೇ ಊರಿನ ಎರಡು ಬೀದಿ ಎರಡು ಹೆಸರು ಹೇಳುತ್ತಿದ್ದರೆ ಅಲ್ಲೇ ಕೂತು ಬಗೆಹರಿಸಿಕೊಳ್ಳಿ. ಎರಡು ಪೈಪೋಟಿಯ ಮನವಿ ಜಿಲ್ಲಾಧಿಕಾರಿ ಕಚೇರಿಗೆ ಹೋದರೆ ಎರಡೂ ಒಂದೇ ಕಪಾಟಿನಲ್ಲಿ ಮಲಗುತ್ತವೆ.

ನಿರ್ಣಯದ ಒಕ್ಕಣೆಯಲ್ಲಿ ಹೆಸರನ್ನು ಕನ್ನಡ, ದೇವನಾಗರಿ, ರೋಮನ್ ಮೂರೂ ಲಿಪಿಯಲ್ಲಿ ಬರೆಯಿರಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಅರ್ಧ ಸಮಸ್ಯೆ ಹುಟ್ಟುವುದೇ ಲಿಪ್ಯಂತರದಲ್ಲಿ.

ಕನ್ನಡದಲ್ಲಿ ‘ಬೆಂಗಳೂರು’ ಎಂಬುದು 2014ರಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ರೋಮನ್ ಬರಹ. ಮುಂಚೆ ಬಿ-ಎ-ಎನ್-ಜಿ-ಎ-ಎಲ್-ಒ-ಆರ್-ಇ, ಈಗ ಬಿ-ಇ-ಎನ್-ಜಿ-ಎ-ಎಲ್-ಯು-ಆರ್-ಯು. ಈಗಿನ ಬರಹದಲ್ಲೂ ‘ಳೂ’ ಮತ್ತು ‘ರು’ ಎರಡಕ್ಕೂ ಒಂದೇ ‘ಯು’. ಭಾರತದಲ್ಲಿ ಭೂಪಟಗಳಿಗೆ ಬಳಸುವ ಹಂಟೇರಿಯನ್ ಪದ್ಧತಿಯಲ್ಲಿ ದೀರ್ಘಕ್ಕೆ ಮೇಲ್ಗೆರೆ ಉಂಟು, ದಿನಬಳಕೆಯಲ್ಲಿ ಅದು ಬಿದ್ದುಹೋಗುತ್ತದೆ. ‘ಳ’ಗೆ ಬೇರೆ ಗುರುತು ಇಲ್ಲ, ಎರಡೂ ‘ಎಲ್’. ಹಿಂದಿಗೆ ಹೋದರೆ ಹ್ರಸ್ವ ‘ಎ’ ಇಲ್ಲ, ಹಾಗಾಗಿ ‘ಬೆಂ’ ಅಲ್ಲಿ ‘ಬೇಂ’ ಆಗುತ್ತದೆ. ‘ಕಲಬುರಗಿ’ಯನ್ನು ದೇವನಾಗರಿಯಲ್ಲಿ ಬರೆದರೆ ಹಿಂದಿಯವರು ನಡುವಿನ ಅಕಾರಗಳನ್ನು ನುಂಗಿ ‘ಕಲ್‌ಬುರ್‌ಗಿ’ ಎಂದು ಓದುತ್ತಾರೆ. ರೋಮನ್ ಬರಹದಲ್ಲಿ ಪ್ರತಿ ಅಕಾರಕ್ಕೂ ಒಂದು ‘ಎ’ ಬಿಡದೆ ಬರೆಯುವುದು ಇದಕ್ಕೇ. ಶಿವಮೊಗ್ಗ, ಹುಬ್ಬಳ್ಳಿ, ಬಳ್ಳಾರಿಯಂಥ ಹೆಸರಿನಲ್ಲಿ ಒತ್ತಕ್ಷರ ಬಂದಲ್ಲೆಲ್ಲ ಎರಡೆರಡು ಅಕ್ಷರ ಇಡುವುದನ್ನೂ ಮರೆಯಬಾರದು.

ಪಂಚಾಯಿತಿ ನಿರ್ಣಯದಲ್ಲಿ ಒಂದು ಕಾಗುಣಿತ, ಜಿಲ್ಲಾಧಿಕಾರಿ ಪತ್ರದಲ್ಲಿ ಇನ್ನೊಂದು ಇದ್ದರೆ ‘ಸ್ಪಷ್ಟೀಕರಣ ಕೋರಿ’ ಕಡತ ವಾಪಸು ಬರುತ್ತದೆ. ಆ ಒಂದು ಸುತ್ತಿಗೆ ತಿಂಗಳುಗಟ್ಟಲೆ ಹೋಗಬಹುದು.

ಹಂತ 5: ತಾಲ್ಲೂಕಿನಿಂದ ದೆಹಲಿಗೆ

ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರು ಸ್ಥಳ ಪರಿಶೀಲಿಸಿ ವರದಿ ಕೊಡುತ್ತಾರೆ. ತಹಶೀಲ್ದಾರ್, ಉಪವಿಭಾಗಾಧಿಕಾರಿ ಷರಾ ಬರೆದು ಜಿಲ್ಲಾಧಿಕಾರಿಗೆ, ಅವರು ಅಭಿಪ್ರಾಯ ಸಹಿತ ಕಂದಾಯ ಇಲಾಖೆಗೆ ಕಳಿಸುತ್ತಾರೆ. ಪ್ರತಿ ಮೇಜಿನಲ್ಲೂ ಕಡತದ ಸಂಖ್ಯೆ ಗುರುತು ಹಾಕಿಕೊಳ್ಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ‘ನನ್ನ ಮನವಿ ಏನಾಯಿತು’ ಎಂದು ಕೇಳುವುದಕ್ಕಿಂತ ಆ ಸಂಖ್ಯೆಯ ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ. ಯಾರ ಷರಾದಲ್ಲಿ ನಿಂತಿದೆ ಎಂದು ಅದರಲ್ಲೇ ಗೊತ್ತಾಗುತ್ತದೆ.

ರಾಜ್ಯ ಸರ್ಕಾರ ಒಪ್ಪಿದ ಮೇಲೆ ಪ್ರಸ್ತಾವ ಗೃಹ ಸಚಿವಾಲಯಕ್ಕೆ ಹೋಗುತ್ತದೆ. ಅಲ್ಲಿಂದ ಮೂರು ಇಲಾಖೆಗಳಿಗೆ ಪತ್ರ. ಅಂಚೆ ಇಲಾಖೆ ಅಂಚೆ ಕಚೇರಿಗಳ ಹೆಸರು ನೋಡುತ್ತದೆ, ರೈಲ್ವೆ ನಿಲ್ದಾಣಗಳ ಹೆಸರು ನೋಡುತ್ತದೆ, ಸರ್ವೆ ಆಫ್ ಇಂಡಿಯಾ ಭೂಪಟದ ಹೆಸರನ್ನೂ ಕಾಗುಣಿತವನ್ನೂ ನೋಡುತ್ತದೆ. ನೆರೆ ರಾಜ್ಯದ ತಕರಾರು ಇದ್ದರೆ ಕಡತ ಇನ್ನೂ ಭಾರವಾಗುತ್ತದೆ. ಬೆಳಗಾವಿಯ ಹೆಸರಿಗೆ ಮಹಾರಾಷ್ಟ್ರ ವಿರೋಧಿಸಿದ್ದು ಎಲ್ಲರಿಗೂ ಗೊತ್ತು. ನಿರಾಕ್ಷೇಪಣೆ ಬಂದ ಮೇಲೂ ಹೆಸರು ಬದಲಾಗಿರುವುದಿಲ್ಲ. ರಾಜ್ಯ ಸರ್ಕಾರ ರಾಜ್ಯಪತ್ರದಲ್ಲಿ ಅಧಿಸೂಚನೆ ಹೊರಡಿಸಿದ ದಿನವೇ ಅದು ಕಾನೂನಿನ ಹೆಸರು.

ಜನಗಣತಿಯ ಕಾಲವನ್ನೂ ಲೆಕ್ಕದಲ್ಲಿಡಿ. ಗಣತಿಗೆ ಮುನ್ನ ಆಡಳಿತ ಗಡಿಗಳನ್ನು ಸ್ಥಗಿತಗೊಳಿಸುತ್ತಾರೆ. ಆ ಅವಧಿಯಲ್ಲಿ ಹೊಸ ಗ್ರಾಮ ಘೋಷಣೆ, ವಿಭಜನೆ ಆಗುವುದಿಲ್ಲ.

ಕೋರ್ಟಿಗೆ ಹೋದರೆ? ಔರಂಗಾಬಾದ್, ಉಸ್ಮಾನಾಬಾದ್‌ಗಳ ಹೆಸರು ಬದಲಿಸಿದ್ದನ್ನು ಪ್ರಶ್ನಿಸಿದ ಅರ್ಜಿಗಳನ್ನು ಬಾಂಬೆ ಹೈಕೋರ್ಟು 2024ರ ಮೇ ತಿಂಗಳಲ್ಲಿ ತಳ್ಳಿಹಾಕಿತು, ಸುಪ್ರೀಂ ಕೋರ್ಟೂ ಮಧ್ಯ ಪ್ರವೇಶಿಸಲಿಲ್ಲ. ಹೆಸರು ಇಷ್ಟವಾಗಲಿಲ್ಲ ಎಂಬ ವಾದಕ್ಕಿಂತ ಆಕ್ಷೇಪಣೆ ಕರೆಯಲಿಲ್ಲ, ಪ್ರಕ್ರಿಯೆ ಪಾಲಿಸಲಿಲ್ಲ ಎಂಬ ವಾದಕ್ಕೆ ಬಲ ಹೆಚ್ಚು. ಆಕ್ಷೇಪಣೆಯ ಅವಧಿಯಲ್ಲಿ ಸುಮ್ಮನಿದ್ದು ಆಮೇಲೆ ಹೋರಾಡುವುದು ಕಷ್ಟ.

ಹಂತ 6: ಅಧಿಸೂಚನೆಯ ಮಾರನೇ ದಿನ

ರಾಜ್ಯಪತ್ರದ ಆ ಪುಟದ ಹತ್ತು ದೃಢೀಕೃತ ಪ್ರತಿ ಇಟ್ಟುಕೊಳ್ಳಿ. ಭೂಮಿ ತಂತ್ರಾಂಶ, ನೋಂದಣಿ ಕಚೇರಿಯ ಕಾವೇರಿ, ಪಂಚಾಯಿತಿಯ ಇ-ಸ್ವತ್ತು, ಮತದಾರರ ಪಟ್ಟಿ, ಶಾಲೆಗಳ ವಿವರ ದಾಖಲಿಸುವ ಯುಡೈಸ್, ಅಂಚೆ ಕಚೇರಿ, ಸಾರಿಗೆ ಸಂಸ್ಥೆಯ ಬಸ್ ಫಲಕ, ಒಂದೊಂದಕ್ಕೂ ಪ್ರತ್ಯೇಕ ಪತ್ರ ಬರೆಯಬೇಕು. ಒಂದು ಕಡೆ ಬದಲಾದರೆ ಉಳಿದೆಡೆ ತಾನಾಗಿಯೇ ಬದಲಾಗುತ್ತದೆ ಎಂದುಕೊಂಡವರು ಪಹಣಿಯಲ್ಲಿ ಒಂದು, ಸಾಲದ ಅರ್ಜಿಯಲ್ಲಿ ಒಂದು ಹೆಸರು ಹಿಡಿದು ಬ್ಯಾಂಕಿನಲ್ಲಿ ನಿಲ್ಲಬೇಕಾಗುತ್ತದೆ. ಪ್ರತಿ ಪತ್ರದಲ್ಲೂ ಗ್ರಾಮದ ಸಂಕೇತ ಸಂಖ್ಯೆ ಬರೆಯಿರಿ. ಹೆಸರು ಬದಲಾದರೂ ಸಂಖ್ಯೆ ಅದೇ ಇರುತ್ತದೆ, ಕಂಪ್ಯೂಟರು ಗುರುತಿಸುವುದು ಅದನ್ನೇ. ಪಿನ್‌ಕೋಡ್ ಬದಲಾಗುವುದಿಲ್ಲ. ರೈಲ್ವೆ ಕೋಡ್ ಕೂಡ ಉಳಿಯಬಹುದು: ಬೆಂಗಳೂರು ಸಿಟಿ ನಿಲ್ದಾಣ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವಾದರೂ ಟಿಕೆಟಿನ ಮೇಲೆ ‘ಎಸ್‌ಬಿಸಿ’ ಹಾಗೇ ಇದೆ.

ಗಡಿನಾಡಿನವರು ಇನ್ನೊಂದು ಕೆಲಸ ಮಾಡಬೇಕು. 2021ರ ಜೂನ್‌ನಲ್ಲಿ ಕಾಸರಗೋಡಿನ ಕನ್ನಡ ಊರುಗಳ ಹೆಸರನ್ನು ಮಲಯಾಳಂಗೆ ತಿರುಗಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿ ಕರ್ನಾಟಕದಲ್ಲಿ ಆತಂಕ ಮೂಡಿತು. ಅಂಥ ಪ್ರಸ್ತಾವವೇ ಇಲ್ಲ ಎಂದು ಕೇರಳ ಸರ್ಕಾರ ಹೇಳಿತು. ಆದರೆ ಪ್ರಸ್ತಾವವಿಲ್ಲದೆಯೂ ಹೆಸರು ಸವೆಯುತ್ತದೆ. ರಸ್ತೆ ಫಲಕ ಬರೆಯುವವರು, ಆನ್‌ಲೈನ್ ನಕ್ಷೆ ತುಂಬುವವರು ತಮ್ಮ ಬಾಯಿಗೆ ಬಂದಂತೆ ಬರೆಯುತ್ತಾರೆ, ಹತ್ತು ವರ್ಷದಲ್ಲಿ ಅದೇ ‘ಬಳಕೆಯ ಹೆಸರು’ ಆಗುತ್ತದೆ. ಹೊಸ ಫಲಕದಲ್ಲಿ ಊರಿನ ಹೆಸರು ತಪ್ಪಿದ್ದರೆ ಫೋಟೊ ತೆಗೆದು, ಅಧಿಕೃತ ದಾಖಲೆಯ ನಕಲು ಲಗತ್ತಿಸಿ ಲೋಕೋಪಯೋಗಿ ಇಲಾಖೆಗೆ ಆ ವಾರವೇ ಬರೆಯಿರಿ.

ಇನ್ನು ಮುಟ್ಟಬಾರದ್ದು. ಹಳೆಯ ಹೆಸರಿನಲ್ಲಿರುವ ಕ್ರಯಪತ್ರ, ಅಂಕಪಟ್ಟಿ, ಜನನ ಪ್ರಮಾಣಪತ್ರ ಅಸಿಂಧುವಾಗುವುದಿಲ್ಲ. ಅವನ್ನು ತಿದ್ದಿಸಲು ದಲ್ಲಾಳಿಗಳಿಗೆ ದುಡ್ಡು ಸುರಿಯಬೇಡಿ. ಕೇಳಿದಾಗ ರಾಜ್ಯಪತ್ರದ ಪ್ರತಿ ಜೊತೆಗಿಟ್ಟರೆ ಸಾಕು. ಹೊಸದಾಗಿ ಬರೆಯಿಸುವ ಪತ್ರದಲ್ಲಿ ಕೆಲವು ವರ್ಷ ‘ಹಿಂದಿನ ಹೆಸರು ಇಂಥದ್ದು’ ಎಂದು ಷೆಡ್ಯೂಲಿನಲ್ಲಿ ಸೇರಿಸಿ. ಹಳೆಯ ಹೆಸರು ಅಷ್ಟು ಬೇಗ ಅಳಿಯುವಂಥದ್ದೂ ಅಲ್ಲ: ರಾಮನಗರ ಹಿಂದೆ ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಗಿತ್ತು. ಆ ಹೆಸರು ಪಹಣಿಯಿಂದ ಹೋಗಿ ಎಷ್ಟೋ ಕಾಲವಾಯಿತು, ಭೂವಿಜ್ಞಾನಿಗಳು ಅಲ್ಲಿನ ಬಂಡೆಯನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಬರೆಯುತ್ತಾರೆ.